ಕೆಲಸ ಹುಡುಕೋಕೆ ಯಾವ ದಾರಿ? ಕ್ಯಾಂಪಸ್, ಪೋರ್ಟಲ್, ರೆಫರಲ್, ಕನ್ಸಲ್ಟೆನ್ಸಿ, ಕಾಂಟ್ರಾಕ್ಟ್: ಯಾರಿಗೆ ಯಾವುದು ಹೊಂದತ್ತೆ

ಕ್ಯಾಂಪಸ್‌ನಲ್ಲಿ ಸಿಕ್ಕಿದ್ದನ್ನೇ ಹಿಡ್ಕೊಳ್ಳೋದಾ ಇಲ್ಲ ಹೊರಗಡೆ ಟ್ರೈ ಮಾಡೋದಾ, ಕನ್ಸಲ್ಟೆನ್ಸಿಗೆ ರೆಸ್ಯೂಮೆ ಕೊಡ್ಲಾ, ಕಾಂಟ್ರಾಕ್ಟ್ ಕೆಲಸ ಬಂದಿದೆ ಸೇರ್ಲಾ ಬೇಡ್ವಾ, ಕೋರ್ಸ್ ಮಾಡಿದ್ರೆ ಪ್ಲೇಸ್‌ಮೆಂಟ್ ಗ್ಯಾರಂಟಿ ಅಂತಿದಾರೆ ದುಡ್ಡು ಕಟ್ಲಾ... ಇದನ್ನೆಲ್ಲ ಕೇಳೋರು ತುಂಬಾ ಜನ ಇದಾರೆ. ಎಲ್ರಿಗೂ ಒಂದೇ ಉತ್ತರ ಕೊಡೋಕಾಗಲ್ಲ, ಯಾಕಂದ್ರೆ ಆರು ತಿಂಗಳು ಕಾಯೋ ಶಕ್ತಿ ಇರೋರಿಗೆ ಒಳ್ಳೇದಾದ ದಾರಿ ಮುಂದಿನ ತಿಂಗಳೇ ಬಾಡಿಗೆ ಕಟ್ಟಬೇಕಾದೋರಿಗೆ ಹೊಂದಲ್ಲ. ಹಾಗಾಗಿ ಮೊದ್ಲು ಯಾವುದನ್ನ ನೋಡಿ ಅಳೀಬೇಕು ಅಂತ ಹೇಳ್ತೀನಿ, ಆಮೇಲೆ ಒಂದೊಂದು ದಾರೀನೂ ಅದರ ಮೇಲೆ ಇಟ್ಟು ನೋಡೋಣ.

ಕೆಲಸ ಹುಡುಕೋ ರೀತಿ ಹೇಗೆ ಬದಲಾಗ್ತಾ ಬಂತು ಅನ್ನೋದು ಗೊತ್ತಿದ್ರೆ ಆಯ್ಕೆ ಸುಲಭ ಆಗತ್ತೆ. ಬ್ರಿಟನ್‌ನಲ್ಲಿ 1910ರಲ್ಲಿ ಸರ್ಕಾರನೇ ಲೇಬರ್ ಎಕ್ಸ್‌ಚೇಂಜ್ ಅನ್ನೋ ಆಫೀಸ್‌ಗಳನ್ನ ತೆಗೀತು, ಕೆಲಸ ಬೇಕಾದೋರು ಅಲ್ಲಿ ಹೆಸರು ಬರೆಸೋದು, ಜನ ಬೇಕಾದ ಮಾಲೀಕರೂ ಅಲ್ಲಿಗೇ ತಿಳಿಸೋದು, ಮಧ್ಯದಲ್ಲಿ ಕೂತೋರು ಇಬ್ಬರನ್ನೂ ಸೇರಿಸೋದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ 1946ರಲ್ಲಿ ಕೆಲ್ಲಿ, 1948ರಲ್ಲಿ ಮ್ಯಾನ್‌ಪವರ್ ಥರದ ಕಂಪನಿಗಳು ಹುಟ್ಟಿದ್ವು, ತಾತ್ಕಾಲಿಕವಾಗಿ ಜನರನ್ನ ಒದಗಿಸೋದೇ ಒಂದು ವ್ಯಾಪಾರ ಆಯ್ತು. 1990ರ ದಶಕದಲ್ಲಿ ಜಾಬ್ ಸೈಟ್‌ಗಳು ಬಂದ್ವು, 2003ರಲ್ಲಿ ಲಿಂಕ್ಡ್‌ಇನ್ ಶುರುವಾಯ್ತು, 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ಒಂದೊಂದು ಕೆಲಸಕ್ಕೂ ತಕ್ಕ ಹಾಗೆ ರೆಸ್ಯೂಮೆ ತಿದ್ದಿ ಕಳಿಸೋದು ನಿಮಿಷದ ಕೆಲಸ ಆಗಿದೆ. ಇಂಟರ್ನೆಟ್ ಬಂದಾಗಿಂದ ಆಗಿರೋದು ಇಷ್ಟೇ: ಅರ್ಜಿ ಹಾಕೋದು ಅಗ್ಗ ಆಗ್ತಾ ಹೋಯ್ತು, ಅರ್ಜಿ ಹಾಕಿದೋರನ್ನ ಯಾರಾದ್ರೂ ಕಣ್ಣಿಟ್ಟು ನೋಡೋದು ಅಷ್ಟೇ ದುಬಾರಿ ಆಗ್ತಾ ಹೋಯ್ತು. ನನ್ನ ಪ್ರಕಾರ ಇವತ್ತು ಯಾವ ದಾರಿ ಹಿಡೀಬೇಕು ಅನ್ನೋ ಲೆಕ್ಕಾಚಾರ ಎಲ್ಲಾ ಈ ಒಂದು ಮಾತಿನ ಸುತ್ತಾನೇ ಇದೆ.

ಯಾವುದನ್ನ ನೋಡಿ ಅಳೀಬೇಕು

ಮೊದಲನೇದು ಸಮಯ. ಸಂಬಳ ಇಲ್ದೇ ಎಷ್ಟು ತಿಂಗಳು ತಡ್ಕೋಬಹುದು? ಅಂದಾಜು ಬೇಡ, ಬಾಡಿಗೆ, ಸಾಲದ ಕಂತು, ಮನೆಗೆ ಕಳಿಸೋ ದುಡ್ಡು, ಔಷಧಿ ಎಲ್ಲಾ ಬರೆದು ಕೈಯಲ್ಲಿರೋ ದುಡ್ಡನ್ನ ಅದರಿಂದ ಭಾಗಿಸಿ ನೋಡಿ. ಬಂದಿರೋ ಸಂಖ್ಯೆ ಎರಡಕ್ಕಿಂತ ಕಡಿಮೆ ಇದ್ರೆ ನಿಮ್ಮ ಮುಂದಿರೋ ದಾರಿಗಳು ಬೇರೆ, ಆರಕ್ಕಿಂತ ಜಾಸ್ತಿ ಇದ್ರೆ ಬೇರೆ.

ಎರಡನೇದು, ಮಧ್ಯದಲ್ಲಿರೋರಿಗೆ ದುಡ್ಡು ಯಾರು ಕೊಡ್ತಾರೆ. ಕಂಪನಿ ಕೊಟ್ರೆ ಅವರು ಕಂಪನಿ ಪರವಾಗಿ ಕೆಲಸ ಮಾಡ್ತಾರೆ, ಅದರಲ್ಲಿ ತಪ್ಪೇನಿಲ್ಲ, ನಿಮಗೆ ಗೊತ್ತಿರ್ಬೇಕು ಅಷ್ಟೇ. ನೀವೇ ಕೊಡ್ತಿದ್ರೆ ನಿಮಗೆ ಕೆಲಸ ಸಿಗೋಕೂ ಮುಂಚೆನೇ ಅವರ ವ್ಯಾಪಾರ ಮುಗಿದಿರತ್ತೆ, ಅಲ್ಲಿ ಹುಷಾರಾಗಿರ್ಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ 181ನೇ ಒಡಂಬಡಿಕೆ ಖಾಸಗಿ ಉದ್ಯೋಗ ಏಜೆನ್ಸಿಗಳು ಕೆಲಸಗಾರರಿಂದ ನೇರವಾಗೋ ಸುತ್ತುಬಳಸಿಯೋ ಶುಲ್ಕ ತಗೋಬಾರ್ದು ಅಂತಾನೇ ಹೇಳತ್ತೆ, ಕೆಲವು ವಿನಾಯಿತಿಗಳಿಗೆ ಜಾಗ ಇದೆ ಆದ್ರೆ ಮೂಲ ನಿಯಮ ಅದೇ. ಎಲ್ಲಾ ದೇಶಗಳೂ ಅದಕ್ಕೆ ಸಹಿ ಹಾಕಿಲ್ಲ, ಆದ್ರೂ ನಿಮ್ಮ ಮನಸಲ್ಲಿ ಅಳತೆಗೋಲಾಗಿ ಇಟ್ಕೊಳ್ಳೋಕೆ ಇದಕ್ಕಿಂತ ಒಳ್ಳೇದು ಇಲ್ಲ.

ಮೂರನೇದು, ನಿಮಗೆ ಕೆಲಸ ಬರತ್ತೆ ಅನ್ನೋಕೆ ಪುರಾವೆ ಏನಿದೆ? ಡಿಗ್ರಿನಾ, ಮಾಡಿ ತೋರಿಸಿದ ಕೆಲಸನಾ, ಇಲ್ಲ ನಿಮ್ಮ ಪರವಾಗಿ ಮಾತಾಡೋ ಮನುಷ್ಯರಾ? ನಾಲ್ಕನೇದು, ಸೇರಿದ ಮೇಲೆ ನೀವು ಯಾರ ಪೇರೋಲ್‌ನಲ್ಲಿ ಇರ್ತೀರಿ, ಅಂದ್ರೆ ಸಂಬಳ ಕೊಡೋದು ಯಾರು, ಬೇಡ ಅಂತ ಯಾರು ಎಷ್ಟು ಬೇಗ ಹೇಳಬಹುದು. ಐದನೇದನ್ನ ಜನ ಕೇಳೋದೇ ಇಲ್ಲ: ಈ ದಾರೀಲಿ ಹೋಗಿ ಕೆಲಸ ಸಿಗದೇ ಹೋದ್ರೆ ನನ್ನ ಕೈಯಲ್ಲಿ ಏನು ಉಳಿಯತ್ತೆ? ಒಂದು ಪರಿಚಯ, ಒಂದು ಪ್ರಾಜೆಕ್ಟ್, ಒಂದು ಸರ್ಟಿಫಿಕೇಟ್, ಇಲ್ಲಾ ಬರೀ ಸಾಲ?

ಕ್ಯಾಂಪಸ್ ಪ್ಲೇಸ್‌ಮೆಂಟ್

ಫ್ರೆಶರ್‌ಗಳಿಗೆ ಇದಕ್ಕಿಂತ ಸಲೀಸಾದ ದಾರಿ ಇಲ್ಲ, ಕಂಪನಿನೇ ನಿಮ್ಮ ಹತ್ರ ಬರತ್ತೆ, ಅನುಭವ ಕೇಳಲ್ಲ, ನಿಮ್ಮ ಜೊತೆ ಪೈಪೋಟಿ ಮಾಡೋರ ಸಂಖ್ಯೆ ನಿಮ್ಮ ಕಾಲೇಜಿನಷ್ಟೇ. ಒಮ್ಮೆ ಕಾಲೇಜು ದಾಟಿ ಹೊರಗೆ ಬಂದ್ರೆ ಅದೇ ಕಂಪನಿಯ ಅದೇ ಕೆಲಸಕ್ಕೆ ಸಾವಿರಾರು ಜನರ ಮಧ್ಯ ನಿಂತ್ಕೋಬೇಕು. ಹಾಗಾಗಿ ಕ್ಯಾಂಪಸ್‌ನಲ್ಲಿ ಸಿಕ್ಕ ಆಫರ್ ಸ್ವಲ್ಪ ಕಡಿಮೆ ಅನ್ಸಿದ್ರೂ ಹೊಟ್ಟೆಪಾಡಿಗೆ ಸಂಬಳ ಬೇಕಾದೋರು ಬಿಡಬೇಡಿ ಅಂತಾನೇ ನಾನು ಹೇಳೋದು.

ತೊಂದರೆ ಎಲ್ಲಿ ಅಂದ್ರೆ, ಕಂಪನಿಗಳು ನೀವು ಸೇರೋಕೆ ಎಷ್ಟೋ ತಿಂಗಳು ಮುಂಚೆನೇ ಆಫರ್ ಕೊಟ್ಟಿರ್ತಾರೆ, ಅಷ್ಟರಲ್ಲಿ ಮಾರ್ಕೆಟ್ ಬಿದ್ರೆ ಸೇರೋ ದಿನಾಂಕ ಮುಂದಕ್ಕೆ ಹೋಗ್ತಾ ಇರತ್ತೆ, ಕೆಲವು ಸಲ ಆಫರ್ರೇ ವಾಪಸ್. ಆಫರ್ ಲೆಟರ್ ಬಂದ ದಿನಾನೇ ಹುಡುಕೋದು ನಿಲ್ಲಿಸಬೇಡಿ, ಸೇರೋ ತನಕ ಒಂದು ಬಾಗಿಲು ತೆಗೆದೇ ಇಟ್ಟಿರಿ. ಇನ್ನೊಂದು, ಬಾಂಡ್. ಇಷ್ಟು ವರ್ಷ ಬಿಡಬಾರ್ದು, ಬಿಟ್ರೆ ಇಷ್ಟು ಕಟ್ಟಬೇಕು ಅಂತ ಇದ್ರೆ ಆ ಮೊತ್ತ ಟ್ರೈನಿಂಗ್‌ಗೆ ನಿಜವಾಗ್ಲೂ ಆಗೋ ಖರ್ಚಿಗೆ ಹತ್ತಿರ ಇದೆಯಾ, ನಿಮ್ಮ ಒರಿಜಿನಲ್ ಸರ್ಟಿಫಿಕೇಟ್ ಇಟ್ಕೊಳ್ತಾರಾ ಅಂತ ಸಹಿ ಹಾಕೋಕೆ ಮುಂಚೆ ಕೇಳಿ. ಒರಿಜಿನಲ್ ಕೊಡಬೇಡಿ.

ಜಾಬ್ ಪೋರ್ಟಲ್

ಖರ್ಚಿಲ್ಲ, ಮನೇಲೇ ಕೂತು ಹಾಕಬಹುದು, ಯಾವ ಕೆಲಸಕ್ಕೆ ಏನು ಕೇಳ್ತಿದಾರೆ ಅನ್ನೋದೂ ಗೊತ್ತಾಗತ್ತೆ. ಆದ್ರೆ ಮೇಲೆ ಹೇಳಿದ ಮಾತು ಜಾಸ್ತಿ ಕಚ್ಚೋದು ಇಲ್ಲೇ: ನಿಮಗೆ ಒಂದು ಕ್ಲಿಕ್ ಆದ್ರೆ ಎಲ್ಲರಿಗೂ ಒಂದೇ ಕ್ಲಿಕ್.

ರೆಸ್ಯೂಮೆನ ಸಾಫ್ಟ್‌ವೇರ್ ಓದಿ ರಿಜೆಕ್ಟ್ ಮಾಡತ್ತೆ ಅಂತ ಜನ ತುಂಬಾ ಹೆದರ್ತಾರೆ. ಬಹಳಷ್ಟು ಕಡೆ ನಡೆಯೋದು ಅದಕ್ಕಿಂತ ಸರಳ. ಫಾರ್ಮ್‌ನಲ್ಲಿ ಇಷ್ಟು ವರ್ಷ ಅನುಭವ ಇದೆಯಾ, ಕೆಲಸದ ಪರ್ಮಿಟ್ ಇದೆಯಾ, ನೋಟಿಸ್ ಪೀರಿಯಡ್ ಎಷ್ಟು ಅಂತ ಕೇಳಿರ್ತಾರಲ್ಲ, ಆ ಉತ್ತರದ ಮೇಲೇ ಫಿಲ್ಟರ್ ಹಾಕಿರ್ತಾರೆ. ಉಳಿದಿದ್ದನ್ನ ರಿಕ್ರೂಟರ್ ಕೀವರ್ಡ್ ಹಾಕಿ ಹುಡುಕ್ತಾರೆ, ಮೊದಲು ಬಂದ ಒಂದಷ್ಟನ್ನ ನೋಡ್ತಾರೆ, ಸಾಕು ಅನ್ಸಿದ್ರೆ ಅಲ್ಲಿಗೇ ನಿಲ್ಲಿಸ್ತಾರೆ. ಅದಕ್ಕೇ ಪೋಸ್ಟ್ ಬಿದ್ದ ಒಂದೆರಡು ದಿನದಲ್ಲೇ ಹಾಕಿದ್ರೆ ಪ್ರಯೋಜನ, ಮೂರು ವಾರ ಹಳೇ ಪೋಸ್ಟ್‌ಗೆ ಹಾಕೋದು ಹೆಚ್ಚಾಗಿ ವ್ಯರ್ಥ. ಕೆಲವು ಪೋಸ್ಟ್‌ಗಳಿಗೆ ಯಾರನ್ನೂ ತಗೊಳ್ಳೋ ಉದ್ದೇಶಾನೇ ಇರಲ್ಲ, ಮುಂದೆ ಬೇಕಾಗಬಹುದು ಅಂತ ರೆಸ್ಯೂಮೆ ಕೂಡಿ ಹಾಕ್ತಿರ್ತಾರೆ, ತಿಂಗಳುಗಟ್ಲೆ ಅದೇ ಪೋಸ್ಟ್ ಮತ್ತೆ ಮತ್ತೆ ಬರ್ತಿದ್ರೆ ಬಿಟ್ಟುಬಿಡಿ.

ಎಐ ವಿಷಯದಲ್ಲಿ ನಿಜವಾದ ಭಯಕ್ಕೆ ಕಾರಣ ಇಲ್ಲ ಅಂತಲ್ಲ. ಅಮೆಜಾನ್ ಒಳಗಡೆ ತಯಾರು ಮಾಡಿದ್ದ ರೆಸ್ಯೂಮೆ ಆಯ್ಕೆ ಮಾಡೋ ಸಾಧನ ಹಳೇ ಡೇಟಾ ನೋಡಿ ಕಲ್ತು ಹೆಂಗಸರ ರೆಸ್ಯೂಮೆಗೆ ಕಡಿಮೆ ಅಂಕ ಕೊಡ್ತಿತ್ತು, ಅದನ್ನ ಕೈಬಿಟ್ರು ಅನ್ನೋ ಸುದ್ದಿ 2018ರಲ್ಲಿ ಬಂತು. ನ್ಯೂಯಾರ್ಕ್ ನಗರದಲ್ಲಿ 2023ರ ಜುಲೈಯಿಂದ ಇಂಥ ಸಾಧನ ಬಳಸೋ ಕಂಪನಿಗಳು ಅದರಲ್ಲಿ ತಾರತಮ್ಯ ಇದೆಯಾ ಅಂತ ಆಡಿಟ್ ಮಾಡಿಸಬೇಕು, ಯುರೋಪಿಯನ್ ಯೂನಿಯನ್‌ನ 2024ರ ಎಐ ಕಾಯ್ದೆ ನೇಮಕಾತಿಗೆ ಬಳಸೋ ಎಐನ ಹೆಚ್ಚು ಅಪಾಯದ ಪಟ್ಟಿಗೆ ಸೇರಿಸಿದೆ. ಕೆಲಸದ ಮಧ್ಯ ಗ್ಯಾಪ್ ಇರೋರು, ಫೀಲ್ಡ್ ಬದಲಾಯಿಸ್ತಿರೋರು, ಡಿಗ್ರಿ ಇಲ್ದಿರೋರು ಪೋರ್ಟಲ್ ಒಂದನ್ನೇ ನಂಬಬಾರ್ದು ಯಾಕೆ ಅಂದ್ರೆ ಫಿಲ್ಟರ್‌ಗೆ ನಿಮ್ಮ ಕಥೆ ಕೇಳೋಕೆ ಬರಲ್ಲ. ಡಿಗ್ರಿ ಬೇಡ ಸ್ಕಿಲ್ ಸಾಕು ಅಂತ ಎಷ್ಟೋ ಕಂಪನಿಗಳು ಹೇಳಿದ್ವು, ಆದ್ರೆ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತೆ ಬರ್ನಿಂಗ್ ಗ್ಲಾಸ್ ಸಂಸ್ಥೆ 2024ರಲ್ಲಿ ಅಮೆರಿಕದ ಲೆಕ್ಕ ತೆಗೆದಾಗ ಆ ಘೋಷಣೆಯಿಂದ ನಿಜವಾಗ್ಲೂ ಅವಕಾಶ ಸಿಕ್ಕಿದ್ದು 700 ನೇಮಕಗಳಲ್ಲಿ ಒಂದಕ್ಕೂ ಕಮ್ಮಿ. ಜಾಹೀರಾತಿನಲ್ಲಿ ಡಿಗ್ರಿ ಅನ್ನೋ ಪದ ತೆಗೆದ ಮಾತ್ರಕ್ಕೆ ಆಯ್ಕೆ ಮಾಡೋರ ಅಭ್ಯಾಸ ಹೋಗಲ್ಲ.

ಪರಿಚಯ, ರೆಫರಲ್

ಅರ್ಜಿಗಳ ಪ್ರವಾಹ ಜಾಸ್ತಿ ಆದಷ್ಟೂ ಕಂಪನಿಗಳು ತಮ್ಮವರ ಮಾತಿಗೆ ಬೆಲೆ ಕೊಡೋದು ಜಾಸ್ತಿ ಮಾಡ್ತಿವೆ. ಒಳಗೆ ಕೆಲಸ ಮಾಡೋರು ನಿಮ್ಮ ಹೆಸರು ಹೇಳಿ ಶಿಫಾರಸು ಮಾಡೋದೇ ರೆಫರಲ್. ಇದು ವಶೀಲಿ ಅಂತ ಮುಜುಗರ ಪಡೋರು ತುಂಬಾ ಜನ, ಆದ್ರೆ ರೆಫರಲ್‌ನಿಂದ ಸಿಗೋದು ಕೆಲಸ ಅಲ್ಲ, ಇಂಟರ್ವ್ಯೂ. ಆ ಮೇಲಿಂದು ನೀವೇ ಮಾಡ್ಬೇಕು.

ಮಾರ್ಕ್ ಗ್ರಾನೊವೆಟರ್ ಅನ್ನೋ ಸಮಾಜಶಾಸ್ತ್ರಜ್ಞ 1973ರಲ್ಲಿ ತೋರಿಸಿದ್ದು ಇವತ್ತಿಗೂ ಉಪಯೋಗಕ್ಕೆ ಬರತ್ತೆ. ಪರಿಚಯದೋರಿಂದ ಕೆಲಸ ಪಡೆದವರನ್ನ ಅವರು ಮಾತಾಡಿಸಿದಾಗ ಆ ಪರಿಚಯದೋರನ್ನ ಆಗಾಗ ನೋಡ್ತಿದ್ದೋರು ನೂರಕ್ಕೆ 17ರಷ್ಟು ಮಾತ್ರ, ಉಳಿದೋರೆಲ್ಲ ಯಾವಾಗ್ಲೋ ಒಮ್ಮೆ ಸಿಗ್ತಿದ್ದೋರಿಂದ ಸುದ್ದಿ ತಿಳ್ಕೊಂಡೋರು. ಕಾರಣ ಸ್ಪಷ್ಟ ಇದೆ, ದಿನಾ ಸಿಗೋ ಗೆಳೆಯರಿಗೆ ಗೊತ್ತಿರೋದು ನಿಮಗೂ ಗೊತ್ತಿರತ್ತೆ. 2022ರಲ್ಲಿ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಜನರ ಮೇಲೆ ನಡೆದ ಪ್ರಯೋಗಗಳ ಫಲಿತಾಂಶ ಬಂತು, ಅದು ಈ ಮಾತನ್ನ ಇನ್ನೂ ಸೂಕ್ಷ್ಮ ಮಾಡಿತು. ತೀರಾ ಗುರುತಿಲ್ಲದೋರೂ ಅಲ್ಲ, ತೀರಾ ಹತ್ತಿರದೋರೂ ಅಲ್ಲ, ಮಧ್ಯದಲ್ಲಿರೋ ಸಾಧಾರಣ ಪರಿಚಯದೋರೇ ಹೆಚ್ಚು ಉಪಯೋಗ. ಜೊತೆಗೆ ಇನ್ನೊಂದು ವಿಷಯ ಹೊರಗೆ ಬಂತು, ಸಾಫ್ಟ್‌ವೇರ್ ಥರದ ಡಿಜಿಟಲ್ ಕ್ಷೇತ್ರಗಳಲ್ಲಿ ದೂರದ ಪರಿಚಯ ಹೆಚ್ಚು ಕೆಲಸ ಮಾಡತ್ತೆ, ಅಷ್ಟಾಗಿ ಡಿಜಿಟಲ್ ಆಗದ ಕ್ಷೇತ್ರಗಳಲ್ಲಿ ಹತ್ತಿರದೋರೇ ಹೆಚ್ಚು ಕೆಲಸಕ್ಕೆ ಬರ್ತಾರೆ. ಅಂದ್ರೆ ಕೋಡಿಂಗ್ ಕೆಲಸ ಹುಡುಕೋರು ಹಳೇ ಸೀನಿಯರ್, ಹಿಂದಿನ ಪ್ರಾಜೆಕ್ಟ್‌ನಲ್ಲಿ ಇದ್ದೋರು, ಒಂದು ಟ್ರೈನಿಂಗ್‌ನಲ್ಲಿ ಸಿಕ್ಕೋರು ಇವರನ್ನೆಲ್ಲ ನೆನಪು ಮಾಡ್ಕೊಳ್ಳಿ, ಕಾರ್ಖಾನೆ ಕೆಲಸ ಹುಡುಕೋರು ಮೊದ್ಲು ಜೊತೆಯಲ್ಲೇ ದುಡಿದೋರನ್ನ ಕೇಳಿ.

ಕೇಳೋ ರೀತೀಲೂ ವ್ಯತ್ಯಾಸ ಇದೆ. ಎಲ್ಲಾದ್ರೂ ಕೆಲಸ ಇದ್ರೆ ಹೇಳಿ ಅಂದ್ರೆ ಪಾಪ ಅವರು ಏನು ಮಾಡೋಕಾಗತ್ತೆ, ಹೂಂ ಅಂತಾರೆ ಮರೀತಾರೆ. ಅದರ ಬದಲು ಪೋಸ್ಟ್‌ನ ಲಿಂಕ್, ಅದಕ್ಕೆ ನೀವು ಯಾಕೆ ಹೊಂದ್ತೀರಿ ಅನ್ನೋ ಮೂರು ಸಾಲು, ರೆಸ್ಯೂಮೆ, ಇಷ್ಟನ್ನ ಒಂದೇ ಮೆಸೇಜ್‌ನಲ್ಲಿ ಕಳಿಸಿ, ಅವರು ಹಾಗೇ ಮುಂದಕ್ಕೆ ಕಳಿಸೋ ಥರ ಇರ್ಬೇಕು. ಸಾಧ್ಯ ಆದ್ರೆ ಪೋರ್ಟಲ್‌ನಲ್ಲಿ ಅರ್ಜಿ ಹಾಕೋಕೆ ಮುಂಚೆನೇ ಕೇಳಿ, ಯಾಕಂದ್ರೆ ಆಗ್ಲೇ ನೀವೇ ಅರ್ಜಿ ಹಾಕಿದ್ರೆ ಕೆಲವು ಕಂಪನಿಗಳಲ್ಲಿ ಅದನ್ನ ರೆಫರಲ್ ಅಂತ ಲೆಕ್ಕಕ್ಕೆ ತಗೊಳ್ಳಲ್ಲ.

ಈ ದಾರಿಯ ಕೊರತೆ ದೊಡ್ಡದು, ಅದನ್ನ ಮುಚ್ಚಿಡೋದು ಸರಿ ಅಲ್ಲ. ಮನೇಲಿ ಮೊದಲ ಬಾರಿಗೆ ಓದಿದೋರಿಗೆ, ಆ ವಲಯದಲ್ಲಿ ತಮ್ಮೋರು ಅಂತ ಯಾರೂ ಇಲ್ಲದೋರಿಗೆ ಪರಿಚಯ ಎಲ್ಲಿಂದ ಬರ್ಬೇಕು? ಇಂಥೋರು ಪರಿಚಯ ಮಾಡ್ಕೊಳ್ಳೋದನ್ನೇ ಕೆಲಸದ ಥರ ಹಮ್ಮಿಕೋಬೇಕಾಗತ್ತೆ, ಮೀಟಪ್‌ಗೆ ಹೋಗೋದು, ಯಾರು ಬೇಕಾದ್ರೂ ಸೇರಿ ಕಟ್ಟಬಹುದಾದ ಓಪನ್ ಸೋರ್ಸ್ ಸಾಫ್ಟ್‌ವೇರ್‌ನಲ್ಲಿ ಕೈ ಜೋಡಿಸೋದು, ಸಂಘ ಸಂಸ್ಥೆಗಳಲ್ಲಿ ಸ್ವಯಂಸೇವೆ ಮಾಡೋದು. ಫಲ ಬರೋಕೆ ತಿಂಗಳುಗಳು ಬೇಕು, ಆದ್ರೆ ಐದನೇ ಅಳತೆಯಲ್ಲಿ ಇದಕ್ಕೇ ಹೆಚ್ಚು ಅಂಕ, ಕೆಲಸ ಸಿಗದೇ ಹೋದ್ರೂ ಆ ಜನ ನಿಮ್ಮ ಜೊತೆ ಉಳೀತಾರೆ.

ಕನ್ಸಲ್ಟೆನ್ಸಿ

ಕನ್ಸಲ್ಟೆನ್ಸಿ ಅಂದ್ರೆ ಕಂಪನಿಗಳಿಗೆ ಜನರನ್ನ ಹುಡುಕಿಕೊಡೋರು. ಇವರಿಗೆ ಕಂಪನಿ ದುಡ್ಡು ಕೊಡತ್ತೆ, ಸಾಮಾನ್ಯವಾಗಿ ನಿಮ್ಮ ಮೊದಲ ವರ್ಷದ ಸಂಬಳದ ಇಂತಿಷ್ಟು ಪಾಲು, ಅದೂ ನೀವು ಸೇರಿದ ಮೇಲೆ. ಹಾಗಾಗಿ ಬೇಗ ಸೇರೋರು, ಈಗಾಗ್ಲೇ ಅದೇ ಕೆಲಸ ಮಾಡ್ತಿರೋರು ಅಂದ್ರೆ ಅವರಿಗೆ ಇಷ್ಟ. ಅನುಭವ ಇದ್ದು ಅದೇ ಥರದ ಕೆಲಸಕ್ಕೆ ಹೋಗೋರಿಗೆ ಇದು ಒಳ್ಳೇ ದಾರಿ, ಸಂಬಳದ ಮಾತುಕತೆ ಕೂಡ ಅವರು ಮಾಡಿಕೊಡ್ತಾರೆ. ಫ್ರೆಶರ್‌ಗಳು, ಫೀಲ್ಡ್ ಬದಲಾಯಿಸೋರು ಇವರಿಂದ ಜಾಸ್ತಿ ನಿರೀಕ್ಷೆ ಇಟ್ಕೋಬೇಡಿ.

ಒಂದು ಮಾತು ನೆನಪಿರಲಿ, ಒಂದೇ ಕಂಪನಿಗೆ ಇಬ್ಬರು ಕನ್ಸಲ್ಟೆಂಟ್‌ಗಳು ನಿಮ್ಮ ಪ್ರೊಫೈಲ್ ಕಳಿಸಿದ್ರೆ ಕಮಿಷನ್ ಯಾರಿಗೆ ಅನ್ನೋ ತಗಾದೆ ಬರತ್ತೆ, ಕಂಪನಿ ಆ ತಲೆನೋವೇ ಬೇಡ ಅಂತ ನಿಮ್ಮನ್ನೇ ಬಿಟ್ಟುಬಿಡಬಹುದು. ಯಾವ ಕಂಪನಿಗೆ ಅಂತ ಹೆಸರು ಹೇಳಿ ಕೇಳದೇ ಕಳಿಸಬೇಡಿ ಅಂತ ಇಮೇಲ್‌ನಲ್ಲೇ ಬರೆದುಬಿಡಿ. ರಿಜಿಸ್ಟ್ರೇಷನ್, ಫೈಲ್ ಚಾರ್ಜ್, ಲ್ಯಾಪ್‌ಟಾಪ್ ಡೆಪಾಸಿಟ್ ಅಂತ ದುಡ್ಡು ಕೇಳಿದ್ರೆ, ಇಂಟರ್ವ್ಯೂನೇ ಇಲ್ಲದೆ ಆಫರ್ ಲೆಟರ್ ಬಂದ್ರೆ, ಮಾತುಕತೆ ಬರೀ ಚಾಟ್‌ನಲ್ಲೇ ನಡೀತಿದ್ರೆ ಅದು ಮೋಸ ಅಂತಾನೇ ತಿಳ್ಕೊಂಡು ಅಲ್ಲಿಗೇ ನಿಲ್ಲಿಸಿ.

ಸ್ಟಾಫಿಂಗ್, ಕಾಂಟ್ರಾಕ್ಟ್

ಕೆಲಸ ಒಂದು ಕಂಪನಿಯಲ್ಲಿ, ಸಂಬಳ ಇನ್ನೊಂದು ಕಂಪನಿಯಿಂದ. ದೊಡ್ಡ ಕಂಪನಿಗಳು ಕಾಯಂ ಮಾಡ್ಕೊಳ್ಳೋ ಹೊಣೆ ಬೇಡ ಅಂತ ಈ ಕಡೆ ವಾಲ್ತಿವೆ. ಕೈಯಲ್ಲಿ ಎರಡು ತಿಂಗಳ ದುಡ್ಡೂ ಇಲ್ಲದೋರಿಗೆ ನಾನು ಇದನ್ನ ಧೈರ್ಯವಾಗಿ ಹೇಳ್ತೀನಿ, ಬೇಗ ಸಿಗತ್ತೆ, ಒಳ್ಳೇ ಹೆಸರು ರೆಸ್ಯೂಮೆಗೆ ಸೇರತ್ತೆ, ಒಳಗೆ ಹೋದ್ಮೇಲೆ ಅಲ್ಲಿರೋರ ಪರಿಚಯ ಆಗತ್ತೆ. ಆದ್ರೆ ರಜೆ, ವಿಮೆ, ಬೋನಸ್ ಪಕ್ಕದಲ್ಲಿ ಕೂತು ಅದೇ ಕೆಲಸ ಮಾಡೋರಷ್ಟು ಇರಲ್ಲ, ಇದು ಮನಸ್ಸಿಗೆ ನೋವು ಕೊಡೋ ವಿಷಯ, ಮೊದ್ಲೇ ಗೊತ್ತಿರಲಿ.

ಸೇರೋಕೆ ಮುಂಚೆ ಕೇಳಬೇಕಾದ್ದು: ಪ್ರಾಜೆಕ್ಟ್ ಮುಗಿದು ಇನ್ನೊಂದು ಸಿಗೋ ತನಕ ಸಂಬಳ ಬರತ್ತಾ? ಆ ಕಂಪನಿ ನನ್ನನ್ನ ನೇರವಾಗಿ ತಗೋಬೇಕು ಅಂದ್ರೆ ಸ್ಟಾಫಿಂಗ್ ಕಂಪನಿಗೆ ದುಡ್ಡು ಕಟ್ಟಬೇಕಾ, ಎಷ್ಟು ತಿಂಗಳ ಮೇಲೆ ಅದು ಬೇಕಾಗಲ್ಲ? ಹೋದ ವರ್ಷ ಇಲ್ಲಿಂದ ಕಾಯಂ ಆದೋರು ಎಷ್ಟು ಜನ? ಮೂರನೇ ಪ್ರಶ್ನೆಗೆ ಸಂಖ್ಯೆ ಹೇಳೋಕೆ ತಡವರಿಸಿದ್ರೆ ಕಾಯಂ ಆಗ್ತೀರಿ ಅನ್ನೋ ಮಾತನ್ನ ಲೆಕ್ಕದಿಂದ ತೆಗೆದುಹಾಕಿ, ಬರೀ ಕಾಂಟ್ರಾಕ್ಟ್ ಅಂತಾನೇ ತೂಗಿ ನೋಡಿ.

ಅಪ್ರೆಂಟಿಸ್‌ಶಿಪ್, ಮತ್ತೆ ಪ್ಲೇಸ್‌ಮೆಂಟ್ ಗ್ಯಾರಂಟಿ ಕೋರ್ಸ್

ಎರಡನ್ನೂ ಒಟ್ಟಿಗೆ ಇಟ್ಟಿದ್ದಕ್ಕೆ ಕಾರಣ ಇದೆ, ಎರಡೂ ಕಲಿಸ್ತೀವಿ ಕೆಲಸ ಕೊಡಿಸ್ತೀವಿ ಅಂತಾವೆ, ದುಡ್ಡು ಹರಿಯೋ ದಿಕ್ಕು ಮಾತ್ರ ಉಲ್ಟಾ. ಅಪ್ರೆಂಟಿಸ್‌ಶಿಪ್ ಅಂದ್ರೆ ಕಂಪನಿಯಲ್ಲೇ ಕೆಲಸ ಮಾಡ್ತಾ ಕಲಿಯೋದು, ಜರ್ಮನಿಯ ವ್ಯವಸ್ಥೆ ನೋಡಿ, ಎರಡರಿಂದ ಮೂರೂವರೆ ವರ್ಷ, ವಾರದಲ್ಲಿ ಕೆಲವು ದಿನ ಕಂಪನಿ, ಉಳಿದಿದ್ದು ವೃತ್ತಿ ಶಾಲೆ, ಕಲಿಯೋವಾಗ್ಲೇ ಭತ್ಯೆ. ಕಂಪನಿ ನಿಮ್ಮ ಮೇಲೆ ದುಡ್ಡು ಹಾಕಿರತ್ತೆ, ಹಾಗಾಗಿ ನಿಮ್ಮನ್ನ ಉಳಿಸ್ಕೊಳ್ಳೋ ಆಸೆ ಅದಕ್ಕೂ ಇರತ್ತೆ. ಭತ್ಯೆ ಕಡಿಮೆ, ಅವಧಿ ಉದ್ದ, ಆದ್ರೂ ಡಿಗ್ರಿ ಇಲ್ಲದೋರಿಗೆ ನಾನು ಮೊದಲು ತೋರಿಸೋದು ಇದನ್ನೇ.

ಗ್ಯಾರಂಟಿ ಕೋರ್ಸ್‌ನಲ್ಲಿ ದುಡ್ಡು ಹಾಕೋದು ನೀವು. ಅಮೆರಿಕದ ಬ್ಲೂಮ್‌ಟೆಕ್ ಅನ್ನೋ ಕೋಡಿಂಗ್ ಕಲಿಸೋ ಸಂಸ್ಥೆ, ಮೊದಲು ಲ್ಯಾಂಬ್ಡಾ ಸ್ಕೂಲ್ ಅಂತ ಇತ್ತು, ಅದರ ಮೇಲೆ ಅಲ್ಲಿನ ಗ್ರಾಹಕರ ಹಣಕಾಸು ರಕ್ಷಣಾ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ಕ್ರಮ ತಗೊಳ್ತು. ಜಾಹೀರಾತಿನಲ್ಲಿ ನೂರಕ್ಕೆ 71ರಿಂದ 86ರಷ್ಟು ಜನಕ್ಕೆ ಕೆಲಸ ಅಂತ ಹೇಳ್ತಿದ್ರು, ಒಳಗಿನ ಲೆಕ್ಕದಲ್ಲಿ 50ರ ಹತ್ತಿರ, ಕೆಲವು ಬ್ಯಾಚ್‌ಗಳಲ್ಲಿ 30ರಷ್ಟು ಕೆಳಗೆ ಇತ್ತು ಅಂತ ಆ ಸಂಸ್ಥೆ ಹೇಳಿತು. ಕೆಲಸ ಸಿಕ್ಕ ಮೇಲೆ ಸಂಬಳದಲ್ಲಿ ಪಾಲು ಕೊಡಿ, ಇದು ಸಾಲ ಅಲ್ಲ ಅಂತಿದ್ದಿದ್ದೂ ಸಾಲನೇ ಅಂತ ಆಯ್ತು. ಯಾವ ಕೋರ್ಸ್ ಆಗ್ಲಿ ಪ್ಲೇಸ್‌ಮೆಂಟ್ ಶೇಕಡಾ ತೋರಿಸಿದ್ರೆ ಕೇಳಿ: ಸೇರಿದ ಎಲ್ಲರಲ್ಲಿ ಇಷ್ಟು ಜನಾನಾ, ಮುಗಿಸಿದೋರಲ್ಲಾ, ಇಲ್ಲ ಪ್ಲೇಸ್‌ಮೆಂಟ್‌ಗೆ ಅರ್ಹರು ಅಂತ ನೀವೇ ಆರಿಸಿದೋರಲ್ಲಾ? ಮೂರು ತಿಂಗಳ ಇಂಟರ್ನ್‌ಶಿಪ್, ಪಾರ್ಟ್ ಟೈಮ್, ನಿಮ್ಮಲ್ಲೇ ಪಾಠ ಮಾಡೋ ಕೆಲಸ, ಇವೆಲ್ಲ ಅದರಲ್ಲಿ ಸೇರಿದ್ಯಾ? ಉತ್ತರ ಬರವಣಿಗೇಲಿ ಕೊಡದೇ ಇದ್ರೆ ಸಾಲ ಮಾಡಿ ಕಟ್ಟಬೇಡಿ.

ಗಿಗ್ ಮತ್ತೆ ಫ್ರೀಲಾನ್ಸ್

ಗಿಗ್ ಅಂದ್ರೆ ಆ್ಯಪ್ ಮೂಲಕ ಸಿಗೋ ಬಿಡಿ ಬಿಡಿ ಕೆಲಸ, ಇವತ್ತು ಸೇರಿದ್ರೆ ಈ ವಾರನೇ ದುಡ್ಡು ಅನ್ನೋ ಥರದ್ದು ಇದೊಂದೇ. ಆದ್ರೆ ರೇಟಿಂಗ್ ಆ ಆ್ಯಪ್‌ದು, ನಿಮ್ಮದಲ್ಲ, ಬಿಟ್ಟು ಹೋಗುವಾಗ ತಗೊಂಡು ಹೋಗೋಕಾಗಲ್ಲ. ಬ್ರಿಟನ್‌ನ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ಊಬರ್ ಚಾಲಕರಿಗೆ ಕನಿಷ್ಠ ವೇತನ, ಸಂಬಳದ ರಜೆಯಂಥ ಹಕ್ಕುಗಳಿವೆ ಅಂತ ಹೇಳಿತು, ಯುರೋಪಿಯನ್ ಯೂನಿಯನ್ 2024ರಲ್ಲಿ ಪ್ಲಾಟ್‌ಫಾರ್ಮ್ ಕೆಲಸದ ಬಗ್ಗೆ ನಿರ್ದೇಶನ ಹೊರಡಿಸಿ ಸದಸ್ಯ ದೇಶಗಳಿಗೆ 2026ರ ಡಿಸೆಂಬರ್ ತನಕ ಗಡುವು ಕೊಟ್ಟಿತು. ಅಂದ್ರೆ ಹಕ್ಕುಗಳು ದೇಶದಿಂದ ದೇಶಕ್ಕೆ ತುಂಬಾ ಬೇರೆ, ನಿಮ್ಮಲ್ಲಿ ಹೇಗಿದೆ ನೋಡ್ಕೊಳ್ಳಿ. ಬರವಣಿಗೆ, ಡಿಸೈನ್, ಕೋಡಿಂಗ್ ಫ್ರೀಲಾನ್ಸ್ ಬೇರೆ ಥರ, ಅಲ್ಲಿ ಮಾಡಿದ ಕೆಲಸ ಪುರಾವೆಯಾಗಿ ಉಳಿಯತ್ತೆ, ಫೀಲ್ಡ್ ಬದಲಾಯಿಸೋರಿಗೆ ಬಾಗಿಲು ತೆಗೆಯೋಕೆ ಅನುಕೂಲ.

ಹಾಗಾದ್ರೆ ನೀವು ಯಾವುದನ್ನ ಹಿಡೀಬೇಕು

ಫ್ರೆಶರ್, ಮನೆ ನಿಮ್ಮ ಸಂಬಳದ ಮೇಲೆ ನಿಂತಿದೆ ಅಂದ್ರೆ ಕ್ಯಾಂಪಸ್ ಆಫರ್ ತಗೊಳ್ಳಿ, ಇಲ್ದೇ ಇದ್ರೆ ಕಾಂಟ್ರಾಕ್ಟ್‌ಗೆ ಸೇರಿ, ಒಳಗಿಂದ ಪರಿಚಯ ಬೆಳೆಸ್ಕೊಂಡು ಒಂದೆರಡು ವರ್ಷಕ್ಕೆ ಮುಂದಕ್ಕೆ ಹೋಗಿ. ಫ್ರೆಶರ್, ಮನೇಲಿ ಆರು ತಿಂಗಳು ನೋಡ್ಕೊಳ್ತಾರೆ ಅಂದ್ರೆ ಆಫರ್ ಕೈಯಲ್ಲಿ ಇಟ್ಕೊಂಡೇ ರೆಫರಲ್ ಮತ್ತೆ ಪ್ರಾಜೆಕ್ಟ್‌ಗಳ ಕಡೆ ಜಾಸ್ತಿ ಸಮಯ ಕೊಡಿ.

ಕೆಲಸದಲ್ಲಿದ್ದು ಬದಲಾಯಿಸೋರಿಗೆ ಅವಸರ ಇಲ್ಲ, ಒಬ್ಬಿಬ್ಬರು ಒಳ್ಳೇ ಕನ್ಸಲ್ಟೆಂಟ್ ಮತ್ತೆ ಹಳೇ ಸಹೋದ್ಯೋಗಿಗಳು ಸಾಕು, ಪೋರ್ಟಲ್‌ನಲ್ಲಿ ಪ್ರೊಫೈಲ್ ಅಪ್‌ಡೇಟ್ ಮಾಡಿಟ್ರೆ ಅವರೇ ಕರೀತಾರೆ. ಲೇಆಫ್ ಆದೋರು ಮೊದಲ ವಾರದಲ್ಲೇ, ನಾಚಿಕೆ ಪಡದೇ, ಹಿಂದೆ ಜೊತೆ ದುಡಿದ ಪ್ರತಿಯೊಬ್ಬರಿಗೂ ಒಂದೊಂದಾಗಿ ಬರೀರಿ. ಮೂರು ತಿಂಗಳು ಪೋರ್ಟಲ್‌ನಲ್ಲೇ ಕಳೆದು ಆಮೇಲೆ ಬರೆಯೋಷ್ಟರಲ್ಲಿ ಕೈಯಲ್ಲಿನ ದುಡ್ಡೂ ಧೈರ್ಯನೂ ಎರಡೂ ಕರಗಿರತ್ತೆ.

ಮಗು, ಅನಾರೋಗ್ಯ, ಮನೆಯೋರ ಆರೈಕೆ ಅಂತ ಗ್ಯಾಪ್ ಆಗಿರೋರು ರೆಫರಲ್, ಇಲ್ಲ ಬ್ರೇಕ್ ಆದ್ಮೇಲೆ ವಾಪಸ್ ಬರೋರಿಗೆ ಅಂತಾನೇ ಕೆಲವು ದೊಡ್ಡ ಕಂಪನಿಗಳು ನಡೆಸೋ ರಿಟರ್ನ್‌ಶಿಪ್, ಇವೆರಡನ್ನ ಮೊದಲು ನೋಡಿ, ಇಲ್ಲಿ ಗ್ಯಾಪ್ ಯಾಕಾಯ್ತು ಅಂತ ಕೇಳೋಕೆ ಎದುರಿಗೆ ಒಬ್ಬ ಮನುಷ್ಯ ಇರ್ತಾನೆ.

ಯಾವ ದಾರಿ ಹಿಡಿದ್ರೂ ಒಂದು ಹಾಳೇಲಿ ಬರೆದಿಡಿ, ಎಲ್ಲಿ ಹಾಕಿದ್ರಿ, ಯಾವ ದಾರಿಯಿಂದ, ಇಂಟರ್ವ್ಯೂ ತನಕ ಹೋಯ್ತಾ ಅಂತ. ಆರು ವಾರ ಆದ್ಮೇಲೆ ತೆಗೆದು ನೋಡಿ. ಕರೆನೇ ಬರ್ತಿಲ್ಲ ಅಂದ್ರೆ ದಾರಿ ಬದಲಾಯಿಸಿ, ಇಂಟರ್ವ್ಯೂ ಆಗ್ತಿದೆ ಆದ್ರೆ ಮುಂದಕ್ಕೆ ಹೋಗ್ತಿಲ್ಲ ಅಂದ್ರೆ ದಾರಿ ಸರಿ ಇದೆ, ತಯಾರಿ ಸಾಲ್ತಿಲ್ಲ, ಆ ದಾರೀಲೇ ಇದ್ದು ಇಂಟರ್ವ್ಯೂ ಅಭ್ಯಾಸಕ್ಕೆ ಸಮಯ ಕೊಡಿ.